ನಿಲ್ಲಲಾರದ ಕೋಳಿಮರಿ

ಕಾವಿಗೆ ಕುಳಿತ ಕೋಳಿಯು ಇಪ್ಪತ್ತೊಂದನೆಯ ದಿನದ ಸುಮಾರಿಗೆ ತನ್ನ ಬುಟ್ಟಿಯಿಂದ ಕೆಳಗಿಳಿಯುತ್ತದೆ. ಅದರ ಹಿಂದೆ ಅರಳೆಯ ಉಂಡೆಗಳಂತಹ ಎಂಟೋ ಹತ್ತೋ ಮರಿಗಳು ಚಿಂವ್‌ಗುಟ್ಟುತ್ತ ಅಂಗಳಕ್ಕೆ ಬರುತ್ತವೆ. ಹುಟ್ಟಿ ಎರಡು ದಿನ ತುಂಬದ ಈ ಜೀವಿಗಳು ಓಡುವುದನ್ನೂ ಮಣ್ಣು ಕೆದಕುವುದನ್ನೂ ಕಂಡು ಬೆರಗಾಗದವರು ವಿರಳ. ಆದರೆ ಕೆಲವೊಮ್ಮೆ ಬುಟ್ಟಿಯ ತಳದಲ್ಲಿ ಒಂದು ಮರಿ ಉಳಿದುಬಿಡುತ್ತದೆ. ಅದರ ಕಾಲುಗಳು ಎರಡು ಪಕ್ಕಗಳಿಗೆ ಚಾಚಿಕೊಂಡಿರುತ್ತವೆ; ಹೊಟ್ಟೆ ನೆಲಕ್ಕೆ ತಾಗಿರುತ್ತದೆ; ಏಳಲು ಹೆಣಗಿದಷ್ಟೂ ಕಾಲುಗಳ ನಡುವಣ ಅಂತರ ಹೆಚ್ಚುತ್ತದೆ. ಮನೆಯ ಹಿರಿಯರು ಅದನ್ನೊಮ್ಮೆ ಎತ್ತಿ ನೋಡಿ, “ಇದು ಉಳಿಯಂಗಿಲ್ಲ ಬಿಡವ್ವಾ” ಎನ್ನುತ್ತಾರೆ. ಆ ಮಾತು ಬಹುತೇಕ ನಿಜವೂ ಆಗುತ್ತದೆ. ತಾಯಿಕೋಳಿ ನಡೆಯಬಲ್ಲ ಮರಿಗಳೊಡನೆ ಹೊರಟುಹೋಗುತ್ತದೆ. ನಡೆಯಲಾರದ ಮರಿಗೆ ಶಾಖವೂ ಇಲ್ಲ, ನೀರೂ ಇಲ್ಲ. ಆದರೆ ಅದು ಸತ್ತದ್ದು ಯಾವ ರೋಗದಿಂದ ಎಂದು ಕೇಳಿದರೆ, ಅನೇಕ ಸಲ ಯಾವ ರೋಗದಿಂದಲೂ ಅಲ್ಲ ಎಂದೇ ಉತ್ತರ ಹೇಳಬೇಕಾಗುತ್ತದೆ. ಅದು ಬಿದ್ದಿರುವುದು ಯಂತ್ರಶಾಸ್ತ್ರದ ಒಂದು ಚಿಕ್ಕ ತೊಡಕಿನಲ್ಲಿ. ಪದವಿಪೂರ್ವ ತರಗತಿಯ ಭೌತಶಾಸ್ತ್ರವನ್ನು ಬಲ್ಲವರು ಆ ತೊಡಕನ್ನು ಬಿಡಿಸಬಲ್ಲರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು, ಎಂದರೆ 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟು ಉಳಿದವು, ಬಹುಮಟ್ಟಿಗೆ ಮಳೆಯನ್ನು ನಂಬಿದ ಒಣಬೇಸಾಯದ ಸೀಮೆ. ಪಡುವಣ ಅಂಚಿನಲ್ಲಿ ತುಂಗಭದ್ರೆ ಹರಿದರೂ ಒಳನಾಡಿನ ಹೊಲಗಳಲ್ಲಿ ಜೋಳ, ಶೇಂಗಾ, ಮೆಕ್ಕೆಜೋಳಗಳೇ ಹೆಚ್ಚು. ಇಂತಹ ಕಡೆ ಹಿತ್ತಲಿನ ನಾಲ್ಕಾರು ಜವಾರಿ ಕೋಳಿಗಳು ಸಾಮಾನ್ಯವಾಗಿ ಮನೆಯ ಹೆಂಗಸರ ಕೈಯ ಸೊತ್ತು. ಸಂತೆಯ ದಿನ ಕೈಗೆ ನಾಲ್ಕು ಕಾಸು ತಂದುಕೊಡುವ ಆಸ್ತಿ. ದೊಡ್ಡ ಪ್ರಮಾಣದ ಕೋಳಿಸಾಕಣೆಯೂ ಈ ಭಾಗಕ್ಕೆ ಹೊಸತಲ್ಲ. ಮೊಟ್ಟೆಯ ದರ ಪ್ರಕಟವಾಗುವ ಊರುಗಳ ಪಟ್ಟಿಯಲ್ಲಿ ಹೊಸಪೇಟೆಯ ಹೆಸರಿದೆ. ಸಾವಿರಾರು ಮರಿಗಳಿರುವ ಕೊಟ್ಟಿಗೆಯಲ್ಲಿ ಒಂದು ಮರಿ ಯಾರ ಲೆಕ್ಕಕ್ಕೂ ಬಾರದು. ಒಂಬತ್ತು ಮರಿಗಳ ಮನೆಯಲ್ಲಿ ಬರುತ್ತದೆ. ಈ ಲೇಖನ ಅಂತಹ ಮನೆಗಳನ್ನು ಕುರಿತದ್ದು.

ಮೊದಲು ಆರೋಗ್ಯವಂತ ಮರಿ ನಿಲ್ಲುವುದಾದರೂ ಹೇಗೆ ಎಂಬುದನ್ನು ನೋಡೋಣ. ಗುಬ್ಬಿ, ಪಾರಿವಾಳಗಳ ಮರಿಗಳು ಕಣ್ಣು ತೆರೆಯದೆ ಹುಟ್ಟಿ ಗೂಡಿನಲ್ಲೇ ಬೆಳೆಯುತ್ತವೆ. ಕೋಳಿ, ಕೌಜುಗ, ನವಿಲುಗಳ ಮರಿಗಳು ಹಾಗಲ್ಲ. ಅವು ಕಣ್ಣು ತೆರೆದೇ ಹುಟ್ಟಿ, ತುಪ್ಪಳ ಒಣಗಿದ ಕೆಲವು ಗಂಟೆಗಳಲ್ಲಿ ನಡೆಯುತ್ತವೆ. ಮನುಷ್ಯನ ಕೂಸಿಗೆ ಸುಮಾರು ಒಂದು ವರ್ಷ ಹಿಡಿಯುವ ಕೆಲಸವನ್ನು ಇವು ಒಂದು ಹಗಲಿನಲ್ಲಿ ಮುಗಿಸುವುದು ಹೇಗೆ? ಉತ್ತರ ಮೊಟ್ಟೆಯ ಒಳಗಿದೆ.

ಕಾವು ಆರಂಭವಾದ ಮೂರೂವರೆ ದಿನಗಳಲ್ಲೇ ಭ್ರೂಣವು ಮಿಸುಕಾಡತೊಡಗುತ್ತದೆ. ಒಂದು ವಾರದ ವೇಳೆಗೆ ಕಾಲುಗಳೂ ಆಡತೊಡಗುತ್ತವೆ. ಅಮೆರಿಕದ ಸೇಂಟ್ ಲೂಯಿಯಲ್ಲಿ ಕೆಲಸ ಮಾಡಿದ ವಿಕ್ಟರ್ ಹ್ಯಾಂಬರ್ಗರ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಈ ಚಲನೆಗಳನ್ನು ಬಹು ತಾಳ್ಮೆಯಿಂದ ಅಭ್ಯಸಿಸಿದನು. ಮಿದುಳಿಗೂ ಬೆನ್ನುಹುರಿಗೂ ಇರುವ ಸಂಪರ್ಕವನ್ನು ಕಡಿದ ಮೇಲೂ ಭ್ರೂಣದ ಕಾಲುಗಳು ಆಡುತ್ತಿದ್ದವು. 1966ರಲ್ಲಿ ಅವನೂ ಅವನ ಸಂಗಡಿಗರೂ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಕಾಲಿನಿಂದ ಬೆನ್ನುಹುರಿಗೆ ಸ್ಪರ್ಶದ ಸುದ್ದಿಯನ್ನು ಒಯ್ಯುವ ನರಗಳಿಲ್ಲದಿದ್ದರೂ ಚಲನೆ ನಿಲ್ಲಲಿಲ್ಲ. ಎಂದ ಮೇಲೆ ಕಾಲಾಡಿಸುವ ಪಾಠವನ್ನು ಮರಿ ಹೊರಗಿನಿಂದ ಕಲಿಯುವುದಿಲ್ಲ. ಅದು ಬೆನ್ನುಹುರಿಯಲ್ಲೇ ಹುಟ್ಟುತ್ತದೆ. ಈ ಮಿಸುಕಾಟ ವ್ಯರ್ಥವೂ ಅಲ್ಲ. ಡ್ರಾಕ್‌ಮನ್ ಮತ್ತು ಕೂಲಂಬ್ರ್ ಎಂಬಿಬ್ಬರು 1962ರಲ್ಲಿ ಭ್ರೂಣಕ್ಕೆ ಸ್ನಾಯುಗಳನ್ನು ಸಡಿಲಗೊಳಿಸುವ ಔಷಧವನ್ನು ಕೊಟ್ಟು ಅದರ ಚಲನೆಯನ್ನು ತಡೆದು ನೋಡಿದರು. ಕಾಲಿನ ಕೀಲುಗಳು ಸೆಟೆದು, ಪಾದಗಳು ಸೊಟ್ಟಗಾದವು. ಬಾಗಿಲಿನ ತಿರುಗಣೆ ತಿರುಗುತ್ತ ತಿರುಗುತ್ತ ಸಡಿಲವಾಗುವಂತೆ ಕೀಲು ಆಡುತ್ತ ಆಡುತ್ತಲೇ ಕೀಲಾಗುತ್ತದೆ.

ಇದಕ್ಕಿಂತಲೂ ಸೊಗಸಾದ ಪ್ರಯೋಗವೊಂದಿದೆ. ಮರಿಯು ಮೊಟ್ಟೆಯೊಳಗೆ ಕತ್ತನ್ನು ಮಡಿಸಿಕೊಂಡು, ತಲೆಯನ್ನು ಬಲರೆಕ್ಕೆಯ ಅಡಿಯಲ್ಲಿಟ್ಟುಕೊಂಡಿರುತ್ತದೆ. ಓಡನ್ನು ಒಡೆದು ಬರುವಾಗ ಎರಡು ಕಾಲುಗಳನ್ನೂ ಒಟ್ಟಿಗೆ ಒದೆಯುತ್ತದೆ. ನಡೆಯುವಾಗಲಾದರೋ ಒಂದಾದ ಮೇಲೊಂದು ಕಾಲನ್ನಿಡುತ್ತದೆ. ಆನ್ ಬೆಕಾಫ್ ಎಂಬ ವಿಜ್ಞಾನಿ ಮತ್ತು ಆಕೆಯ ಸಹೋದ್ಯೋಗಿ 1982ರಲ್ಲಿ, ಆಗಲೇ ಹುಟ್ಟಿ ಹೊರಬಂದಿದ್ದ ಮರಿಗಳನ್ನು ಕತ್ತು ಮಡಿಸಿ ಗಾಜಿನ ಮೊಟ್ಟೆಯೊಳಗೆ ಕೂರಿಸಿದರು. ಅವು ಮತ್ತೆ ಓಡನ್ನು ಒಡೆಯುವ ಬಗೆಯಲ್ಲೇ ಒದೆಯತೊಡಗಿದವು! ಕತ್ತಿನ ಭಂಗಿಯೊಂದರಿಂದಲೇ ಹಳೆಯ ಪಾಠ ಮರುಕಳಿಸಿತು. ಹೀಗೆ ಹುಟ್ಟುವ ವೇಳೆಗೆ ಮರಿಯ ಬೆನ್ನುಹುರಿಯಲ್ಲಿ ಒದೆತದ ಕ್ರಮವೂ ನಡಿಗೆಯ ಕ್ರಮವೂ ಸಿದ್ಧವಾಗಿರುತ್ತವೆ. ಇಷ್ಟೇ ಅಲ್ಲ, ಹಕ್ಕಿಗಳ ಸೊಂಟದ ಬಳಿ ಬೆನ್ನುಹುರಿಯಲ್ಲಿರುವ ವಿಚಿತ್ರ ರಚನೆಯೊಂದು ನಡಿಗೆಯ ಸಮತೋಲವನ್ನು ಅರಿಯುವ ಎರಡನೆಯ ಇಂದ್ರಿಯವಿರಬಹುದೆಂದು ಜರ್ಮನಿಯ ರೈನ್‌ಹೋಲ್ಡ್ ನೆಕರ್ ವಾದಿಸಿದ್ದಾರೆ. ಆದ್ದರಿಂದ ‘ಮರಿಗೆ ನಿಲ್ಲಲು ಕಲಿಸುವುದು’ ಎಂಬ ಮಾತು ಅಷ್ಟು ಸರಿಯಾದುದಲ್ಲ. ನಾವು ಕಲಿಸಬೇಕಾದುದು ಏನೂ ಇಲ್ಲ. ಅದಕ್ಕೆ ಗೊತ್ತಿರುವುದನ್ನು ಮಾಡಲು ಅಡ್ಡಿಯಾಗಿರುವುದನ್ನು ತೆಗೆಯಬೇಕಷ್ಟೆ.

ಅಡ್ಡಿಗಳಲ್ಲಿ ಮೊದಲನೆಯದು ಚಳಿ. ಓಡಿಗೆ ಮೊದಲ ಬಿರುಕು ಬಿಟ್ಟ ಮೇಲೆ ಮರಿ ಹೊರಬರಲು ಸಾಧಾರಣವಾಗಿ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳು ಹಿಡಿಯುತ್ತವೆ. ಈ ಅವಧಿಯಲ್ಲಿ ಅದು ಸುಮ್ಮನೆ ಬಿದ್ದಿದೆಯೆಂದು ಕನಿಕರಪಟ್ಟು ಓಡನ್ನು ಸುಲಿಯಲು ಹೋಗಬಾರದು. ಓಡಿನ ಒಳಪೊರೆಯ ರಕ್ತನಾಳಗಳು ಬತ್ತುತ್ತಿರುತ್ತವೆ. ಉಳಿದ ಹಳದಿ ಭಂಡಾರವು ಹೊಕ್ಕುಳ ಮೂಲಕ ಹೊಟ್ಟೆಯೊಳಕ್ಕೆ ಸೇರುತ್ತಿರುತ್ತದೆ. ಅವಸರ ಮಾಡಿದರೆ ರಕ್ತ ಸೋರುವುದು. ಹೊರಬಂದ ಮರಿ ತೊಯ್ದಿರುತ್ತದೆ, ಬಳಲಿರುತ್ತದೆ. ಮೊದಲ ಕೆಲವು ಗಂಟೆ ತೂರಾಡುವುದು ಸಹಜ. ಇಲ್ಲೊಂದು ಲೆಕ್ಕ ಮಾಡೋಣ. ಮರಿಯ ತೂಕ ಮೊಟ್ಟೆಯ ತೂಕದ ಸುಮಾರು ಮೂರರಲ್ಲಿ ಎರಡು ಪಾಲು. 54 ಗ್ರಾಂ ಮೊಟ್ಟೆಯಿಂದ 36 ಗ್ರಾಂ ಮರಿ. ಅದರ ತುಪ್ಪಳದಲ್ಲಿ ಅರ್ಧ ಗ್ರಾಂ ನೀರಿದೆಯೆಂದು ಇಟ್ಟುಕೊಳ್ಳೋಣ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಅರ್ಧ ಗ್ರಾಮಿಗೆ 1,200 ಜೂಲ್. ಪ್ರಾಣಿಯ ದೇಹ ಬಹುಪಾಲು ನೀರಾದುದರಿಂದ ಗ್ರಾಮೊಂದಕ್ಕೆ 3.5 ಜೂಲ್ ಕಳೆದುಕೊಂಡರೆ ಅದರ ಉಷ್ಣತೆ ಒಂದು ಡಿಗ್ರಿ ಇಳಿಯುತ್ತದೆ ಎನ್ನಬಹುದು. ಆ 1,200 ಜೂಲ್ ಪೂರ್ತಿಯಾಗಿ ಮರಿಯ ದೇಹದಿಂದಲೇ ಹೋದರೆ ಅದರ ಉಷ್ಣತೆ ಒಂಬತ್ತು ಡಿಗ್ರಿಗೂ ಮಿಕ್ಕಿ ಕುಸಿಯಬೇಕು! ತಾಯಿಕೋಳಿಯ ಮೈ ಅಥವಾ ದೀಪದ ಶಾಖವು ಈ ಸಾಲವನ್ನು ತೀರಿಸುವುದರಿಂದಲೇ ಮರಿ ಬದುಕುತ್ತದೆ.

ಚಿಕ್ಕ ದೇಹಕ್ಕೆ ಇನ್ನೊಂದು ಕಷ್ಟವೂ ಉಂಟು. ಒಂದೂವರೆ ಕಿಲೋಗ್ರಾಂ ತೂಗುವ ಕೋಳಿಗೆ ಹೋಲಿಸಿದರೆ 36 ಗ್ರಾಂ ಮರಿಗೆ ಪ್ರತಿ ಗ್ರಾಮಿಗೆ ಸುಮಾರು ಮೂರೂವರೆ ಪಟ್ಟು ಹೆಚ್ಚು ಹೊರಮೈ ಇರುತ್ತದೆ. ಶಾಖ ಸೋರಿಹೋಗುವುದು ಹೊರಮೈಯಿಂದಲೇ. ತನ್ನ ಉಷ್ಣತೆಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಮರಿಗೆ ಚೆನ್ನಾಗಿ ಬರಲು ಎರಡು ವಾರಗಳಾದರೂ ಬೇಕು. ತಣ್ಣಗಾದ ಸ್ನಾಯು ಜಡವಾಗುತ್ತದೆ. ಆಗ ಬಲವಾದ ಮರಿಯೂ ಬಲಹೀನ ಮರಿಯಂತೆಯೇ ಬಿದ್ದಿರುತ್ತದೆ. ಆದುದರಿಂದ ಕಾಲಿನ ಪರೀಕ್ಷೆಗೆ ಮುಂಚೆ ಮರಿಯನ್ನು ಒಣಗಿಸಿ ಬೆಚ್ಚಗಿಡುವುದು ಮೊದಲ ಕೆಲಸ. ಮೊದಲ ವಾರ ಅದರ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಿರಬೇಕು. ಅನಂತರ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ದೀಪದಿಂದ ದೂರ ಎರಡರಷ್ಟಾದರೆ ಶಾಖ ನಾಲ್ಕನೆಯ ಒಂದರಷ್ಟಾಗುವುದೆಂದು ವಿದ್ಯಾರ್ಥಿಗಳು ತಟ್ಟನೆ ಹೇಳಿಯಾರು. ಆದರೆ ಪೆಟ್ಟಿಗೆಯ ಗೋಡೆಗಳು ಶಾಖವನ್ನು ಹಿಂದಿರುಗಿಸುವುದರಿಂದ ಆ ನಿಯಮ ಇಲ್ಲಿ ಸರಿಹೊಂದದು; ಉಷ್ಣತಾಮಾಪಕವನ್ನೇ ಇಟ್ಟು ನೋಡಬೇಕು. ಹಳೆಯ ಮಾದರಿಯ ತಂತಿಯ ಬಲ್ಬು ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿಯೇ ಕಳೆಯುತ್ತದೆ. ದೀಪವಾಗಿ ಅದು ದಂಡದ ವಸ್ತು, ಮರಿಗೆ ಅದೇ ತಾಯಿ! ಈಗಿನ ಎಲ್.ಇ.ಡಿ. ದೀಪವನ್ನು ತೂಗುಹಾಕಿದರೆ ಬೆಳಕು ಬಂದೀತೇ ಹೊರತು ಕಾವು ಬಾರದು. ರಾತ್ರಿ ವಿದ್ಯುತ್ತು ಹೋದರೆ ಬಿಸಿನೀರಿನ ಸೀಸೆಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಬಹುದು. ಏಪ್ರಿಲ್, ಮೇ ತಿಂಗಳುಗಳ ನಡುಹಗಲಿನಲ್ಲಿ ನಮ್ಮ ಈ ಸೀಮೆಯ ಉಷ್ಣತೆ 40 ಡಿಗ್ರಿಯ ಸಮೀಪಕ್ಕೆ ಹೋಗುವುದುಂಟು. ಆಗ ದೀಪವನ್ನು ಆರಿಸಿ ನೆರಳು ಮಾಡಬೇಕಾಗುತ್ತದೆ. ಮರಿಗಳೇ ಒಳ್ಳೆಯ ಮಾಪಕಗಳು: ಚಳಿಯಾದರೆ ಒಂದರ ಮೇಲೊಂದು ಮುತ್ತಿಕೊಳ್ಳುತ್ತವೆ; ಸೆಕೆಯಾದರೆ ದೂರ ಸರಿದು, ಬಾಯಿ ತೆರೆದು ಏದುತ್ತವೆ.

ಬೆಚ್ಚಗಾಗಿ, ಒಣಗಿ, ಅರ್ಧ ದಿನ ಕಳೆದ ಮೇಲೂ ಕಾಲುಗಳು ಪಕ್ಕಕ್ಕೆ ಹರಿಯುತ್ತಿದ್ದರೆ ಆಗ ನೆಲವನ್ನು ನೋಡಬೇಕು. ಮರಿಯನ್ನಲ್ಲ, ಅದು ನಿಂತ ನೆಲವನ್ನು.

ಗೋಡೆಗೆ ಒರಗಿಸಿದ ಏಣಿಯ ಲೆಕ್ಕವನ್ನು ನೀವೆಲ್ಲರೂ ಮಾಡಿದ್ದೀರಿ. ಏಣಿಯ ಬುಡ ಗೋಡೆಯಿಂದ ದೂರ ಸರಿದಷ್ಟೂ ಅದು ಜಾರುವ ಭಯ ಹೆಚ್ಚು. ಪಕ್ಕದಿಂದ ನೋಡಿದರೆ ಹಕ್ಕಿಯ ಕಾಲು ಮಡಿಸಿದ ಕೋಲಿನಂತಿರುತ್ತದೆ. ನಾವು ಹಿಂದಕ್ಕೆ ಮಡಿಸಿದ ಮೊಣಕಾಲೆಂದು ತಿಳಿಯುವುದು ವಾಸ್ತವವಾಗಿ ಅದರ ಹಿಮ್ಮಡಿಯ ಕೀಲು, ನಿಜವಾದ ಮೊಣಕಾಲು ಗರಿಗಳೊಳಗೆ ಅಡಗಿರುತ್ತದೆ. ಆದರೆ ಮುಂದಿನಿಂದ ನೋಡಿದರೆ ಎರಡು ಕಾಲುಗಳೂ ಒಂದಕ್ಕೊಂದು ಒರಗಿದ ಎರಡು ಏಣಿಗಳಂತೆ ಕಾಣುತ್ತವೆ. ಕಾಲು ಲಂಬದಿಂದ ಪಕ್ಕಕ್ಕೆ ಎಷ್ಟೋ ಡಿಗ್ರಿ ಓರೆಯಾಗಿದೆಯೆಂದುಕೊಳ್ಳಿ. ದೇಹದ ಭಾರದ ಅರ್ಧ ಈ ಕಾಲಿನ ಮೇಲಿದೆ. ಅದು ಕಾಲನ್ನು ಮತ್ತಷ್ಟು ಹೊರಕ್ಕೆ ತಳ್ಳುತ್ತದೆ. ಇದನ್ನು ತಡೆಯಬಲ್ಲವು ಎರಡೇ: ತೊಡೆಯ ಒಳಮಗ್ಗುಲಿನ ಸ್ನಾಯುಗಳ ಎಳೆತ ಮತ್ತು ಪಾದಕ್ಕೆ ನೆಲ ಕೊಡುವ ಘರ್ಷಣೆ. ಹೊಸದಾಗಿ ಹುಟ್ಟಿದ ಮರಿಯ ಸ್ನಾಯುಗಳು ಎಳೆಯವು. ಅವುಗಳ ನೆರವನ್ನು ಸದ್ಯಕ್ಕೆ ಬಿಟ್ಟುಬಿಟ್ಟರೆ, ಬೇಕಾಗುವ ಘರ್ಷಣೆಯು ಅರ್ಧ ಭಾರವನ್ನು ಓರೆಕೋನದ ಸ್ಪರ್ಶಕದಿಂದ, ಎಂದರೆ ‘ಟ್ಯಾನ್’ ಬೆಲೆಯಿಂದ, ಗುಣಿಸಿದಷ್ಟು. ನೆಲ ಕೊಡಬಲ್ಲ ಅತ್ಯಧಿಕ ಘರ್ಷಣೆಯು ಅದೇ ಅರ್ಧ ಭಾರವನ್ನು ಘರ್ಷಣಾಂಕದಿಂದ ಗುಣಿಸಿದಷ್ಟು. ಎರಡು ಕಡೆಯೂ ಭಾರವೇ ಇರುವುದರಿಂದ ಅದು ಲೆಕ್ಕದಿಂದ ಹೊರಟುಹೋಗುತ್ತದೆ. ಉಳಿಯುವ ನಿಯಮ ಇಷ್ಟೇ: ಓರೆಕೋನದ ಟ್ಯಾನ್ ಬೆಲೆಯು ಘರ್ಷಣಾಂಕವನ್ನು ಮೀರಿದೊಡನೆ ಕಾಲು ಜಾರುತ್ತದೆ. ದಪ್ಪ ಮರಿಯಾದರೂ ಒಂದೇ, ಸಣ್ಣ ಮರಿಯಾದರೂ ಒಂದೇ.

ಘರ್ಷಣಾಂಕವು 0.2 ಇರುವ ನುಣುಪು ನೆಲವನ್ನು ಊಹಿಸಿಕೊಳ್ಳಿ. ಅಲ್ಲಿ ಕಾಲು ಹನ್ನೊಂದು ಡಿಗ್ರಿ ಓರೆಯಾಗುವುದರೊಳಗೆ ಜಾರಿಬಿಡುತ್ತದೆ. 0.6 ಇರುವ ಒರಟು ನೆಲದಲ್ಲಿ ಮೂವತ್ತು ಡಿಗ್ರಿಯವರೆಗೂ ನಿಲ್ಲುತ್ತದೆ. ತೂರಾಡುವ ಮರಿಯ ಕಾಲು ಇಪ್ಪತ್ತು ಡಿಗ್ರಿ ಆಚೀಚೆ ಹೋಗುವುದು ಸಾಮಾನ್ಯವಷ್ಟೆ. ಒರಟು ನೆಲದಲ್ಲಿ ಅದು ಮತ್ತೆ ಕಾಲನ್ನು ಒಳಕ್ಕೆ ತಂದುಕೊಳ್ಳುತ್ತದೆ. ನುಣುಪು ನೆಲದಲ್ಲಿ ಬಿದ್ದೇಬಿಡುತ್ತದೆ. ಮೇಲಾಗಿ, ಈ ಜಾರುವಿಕೆಯು ಆರಂಭವಾದ ಮೇಲೆ ತಾನಾಗಿ ನಿಲ್ಲುವಂಥದಲ್ಲ. 36 ಗ್ರಾಂ ಮರಿಯಲ್ಲಿ ಪ್ರತಿ ಕಾಲಿನ ಪಾಲು 18 ಗ್ರಾಂ. ಹತ್ತು ಡಿಗ್ರಿ ಓರೆಯಲ್ಲಿ ಕಾಲನ್ನು ಹಿಡಿದಿಡಲು ಸುಮಾರು 3 ಗ್ರಾಂ ಭಾರದಷ್ಟು ಅಡ್ಡಬಲ ಸಾಕು. ಮೂವತ್ತು ಡಿಗ್ರಿಯಲ್ಲಿ 10 ಗ್ರಾಂ ಬೇಕು. ನಲವತ್ತೈದರಲ್ಲಿ 18, ಅರವತ್ತರಲ್ಲಿ 31. ಬೀಳುತ್ತ ಬೀಳುತ್ತ ಏಳುವುದು ಹತ್ತು ಪಟ್ಟು ಕಷ್ಟವಾಗುತ್ತದೆ. ಹೆಣಗಿದಷ್ಟೂ ಕಾಲು ಅಗಲವಾಗುವುದರ ಗುಟ್ಟು ಇದೇ.

ಈ ನಿಯಮವನ್ನು ಮನೆಯಲ್ಲೇ ಪರೀಕ್ಷಿಸಬಹುದು, ಮರಿಯನ್ನು ಕಾಡಬೇಕಾಗಿಲ್ಲ. ಒಂದು ಬೆಂಕಿಪೆಟ್ಟಿಗೆಯ ತಳಕ್ಕೆ ಹಳೆಯ ಚಪ್ಪಲಿಯ ಮೆದು ಚರ್ಮದ ತುಂಡನ್ನು ಅಂಟಿಸಿ, ಒಳಗೆ ನಾಲ್ಕಾರು ನಾಣ್ಯಗಳನ್ನಿಡಿ. ಒಂದು ಹಲಗೆಗೆ ವೃತ್ತಪತ್ರಿಕೆಯನ್ನು ಸುತ್ತಿ, ಅದರ ಮೇಲೆ ಪೆಟ್ಟಿಗೆಯನ್ನಿಟ್ಟು ಒಂದು ತುದಿಯನ್ನು ನಿಧಾನವಾಗಿ ಎತ್ತಿರಿ. ಪೆಟ್ಟಿಗೆ ಜಾರಿದ ಕ್ಷಣದಲ್ಲಿ ಹಲಗೆಯ ಓರೆಯನ್ನು ಕೋನಮಾಪಕದಿಂದ ಅಳೆಯಿರಿ. ಅನಂತರ ಪತ್ರಿಕೆಯ ಬದಲು ಗೋಣಿಚೀಲ, ದಪ್ಪ ಟವೆಲು, ಪ್ಲಾಸ್ಟಿಕ್ ತಟ್ಟೆ, ನೆಲಕ್ಕೆ ಹಾಸುವ ಟೈಲ್ಸ್ ತುಂಡು, ಹೀಗೆ ಒಂದೊಂದನ್ನೇ ನೋಡಿರಿ. ಹಲಗೆಯು ಯಾವ ಕೋನದಲ್ಲಿ ಪೆಟ್ಟಿಗೆಯನ್ನು ಜಾರಿಸಿತೋ ಅದೇ ಕೋನದವರೆಗೆ ಅಂತಹ ಪಾದದ ಕಾಲು ಆ ನೆಲದ ಮೇಲೆ ಸ್ನಾಯುಬಲವಿಲ್ಲದೆ ನಿಲ್ಲಬಲ್ಲುದು. ಎರಡೂ ಒಂದೇ ಟ್ಯಾನ್, ಒಂದೇ ಘರ್ಷಣಾಂಕ. ವಿಶ್ರಾಂತಿಕೋನವೆಂದು ನಾವು ಪಾಠ ಹೇಳುವುದು ಇದನ್ನೇ. ಪರೀಕ್ಷೆಗೆ ಕಂಠಪಾಠ ಮಾಡಿ ಮರೆಯುವ ಈ ಕೋನಕ್ಕೆ ಇಂತಹ ಉಪಯೋಗವೊಂದಿದೆಯೆಂದು ಪಠ್ಯಪುಸ್ತಕಗಳು ಹೇಳುವುದಿಲ್ಲ. ಗೋಣಿಯ ಮೇಲೆ ಮರಿಗೆ ಇನ್ನೂ ಒಂದು ಲಾಭವಿದೆ. ಎಳೆಯ ಉಗುರುಗಳು ಎಳೆಗಳ ನಡುವೆ ಸಿಕ್ಕಿ ಹಿಡಿದುಕೊಳ್ಳುತ್ತವೆ. ಅದು ಬೆಂಕಿಪೆಟ್ಟಿಗೆಗಿಲ್ಲ.

ಇಲ್ಲಿ ನಮ್ಮ ಹಳೆಯ ಕ್ರಮವನ್ನು ಮೆಚ್ಚದೆ ಇರಲಾಗದು. ಹುಲ್ಲು ಹಾಸಿದ ಬಿದಿರಿನ ಬುಟ್ಟಿ, ಮಣ್ಣಿನ ನೆಲ, ಶೇಂಗಾ ಸಿಪ್ಪೆಯ ಹಾಸು ಇವೆಲ್ಲವೂ ಒರಟು. ತೊಂದರೆ ಹೆಚ್ಚಾಗಿ ಕಾಣುವುದು ಹೊಸ ಅನುಕೂಲಗಳಲ್ಲಿ. ಥರ್ಮಾಕೋಲ್ ಪೆಟ್ಟಿಗೆಯೊಳಗೆ ಬಲ್ಬನ್ನೂ ಉಷ್ಣತಾನಿಯಂತ್ರಕವನ್ನೂ ಇಟ್ಟು ಮೊಟ್ಟೆಗಳನ್ನು ಮರಿಮಾಡಿಸುವ ಉತ್ಸಾಹಿ ತರುಣರು ಈಗ ಹಳ್ಳಿಗಳಲ್ಲೂ ಇದ್ದಾರೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದಂತಹ ತಳಿಗಳ ಮರಿಗಳನ್ನು ತಂದು ಸಾಕುವವರೂ ಇದ್ದಾರೆ. ಹುಟ್ಟಿದ ಮರಿಗಳು ಪ್ಲಾಸ್ಟಿಕ್ ತೊಟ್ಟಿಗೋ, ಪತ್ರಿಕೆ ಹಾಸಿದ ರಟ್ಟಿನ ಡಬ್ಬಕ್ಕೋ ಹೋಗುತ್ತವೆ. ಪತ್ರಿಕೆ ಅಗ್ಗ, ಎಸೆಯುವುದು ಸುಲಭ, ನೋಡಲು ಶುಚಿ. ಮರಿಯ ಕಾಲಿಗೆ ಅದರಷ್ಟು ಕೆಟ್ಟ ಹಾಸಿಗೆ ಮತ್ತೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಅದರ ಮೇಲೆ ಒಂದು ಗೋಣಿಯ ತುಂಡನ್ನೋ ದಪ್ಪ ಬಟ್ಟೆಯನ್ನೋ ಬಿಗಿಯಾಗಿ ಹಾಸಿದರೆ ಸಾಕು. ಮೊಟ್ಟೆಯ ಪೆಟ್ಟಿಗೆಯಲ್ಲಾದರೆ ಹದಿನೆಂಟನೆಯ ದಿನ ಮೊಟ್ಟೆಗಳನ್ನು ತಿರುಗಿಸುವುದನ್ನು ನಿಲ್ಲಿಸುವಾಗಲೇ ಈ ಹಾಸನ್ನು ಹಾಕಿಬಿಡಬೇಕು.

ಕಾಲು ಆಗಲೇ ಜಾರಿ ಅಗಲವಾಗಿಬಿಟ್ಟ ಮರಿಗೆ ಒರಟು ನೆಲವೊಂದೇ ಸಾಲದು. ಮೇಲಿನ ಲೆಕ್ಕದಂತೆ ಅದಕ್ಕೆ ಈಗ ಹತ್ತಾರು ಗ್ರಾಂ ಅಡ್ಡಬಲ ಬೇಕು. ಘರ್ಷಣೆ ಅಷ್ಟನ್ನು ಕೊಡಲಾರದು. ಆದರೆ ಅದೇ ಬಲವನ್ನು ಎರಡು ಕಾಲುಗಳ ನಡುವೆ ಕಟ್ಟಿದ ಒಂದು ಪಟ್ಟಿ ಕೊಡಬಲ್ಲುದು. ಬಲಗಾಲು ಹೊರಕ್ಕೆ ಎಳೆಯುವುದೂ ಎಡಗಾಲು ಹೊರಕ್ಕೆ ಎಳೆಯುವುದೂ ಪಟ್ಟಿಯಲ್ಲಿ ಪರಸ್ಪರ ಸರಿಹೋಗುತ್ತವೆ. ಔಷಧದಂಗಡಿಯಲ್ಲಿ ದೊರೆಯುವ ಮೆದುವಾದ ಅಂಟುಪಟ್ಟಿಯಿಂದ ಅರ್ಧ ಸೆಂಟಿಮೀಟರ್ ಅಗಲದ ಒಂದು ಎಳೆಯನ್ನು ಕತ್ತರಿಸಿಕೊಳ್ಳಬೇಕು. ಹಿಮ್ಮಡಿಯ ಕೀಲಿಗೂ ಪಾದಕ್ಕೂ ನಡುವೆ, ಗರಿಯಿಲ್ಲದ ಭಾಗದಲ್ಲಿ, ಒಂದು ಕಾಲನ್ನು ಸಡಿಲವಾಗಿ ಬಳಸಿ, ನಡುವೆ ಅಂತರ ಬಿಟ್ಟು, ಇನ್ನೊಂದು ಕಾಲನ್ನೂ ಬಳಸಿ ತಂದು, ಎರಡು ಅಂಟುಮೈಗಳೂ ಒಂದಕ್ಕೊಂದು ಕೂಡುವಂತೆ ಮಡಿಸಬೇಕು. ಅಂಟು ತುಪ್ಪಳಕ್ಕೆ ತಾಗಬಾರದು. ಪಾದಗಳ ನಡುವಣ ಅಂತರ ಮರಿ ಸಹಜವಾಗಿ ನಿಂತಾಗ ಇರುವಷ್ಟೇ ಇರಬೇಕು, ಸುಮಾರು ಎರಡರಿಂದ ಎರಡೂವರೆ ಸೆಂಟಿಮೀಟರ್. ತೀರ ಹತ್ತಿರ ಕಟ್ಟಿದರೆ ಆಧಾರದ ಅಗಲ ಕಡಿಮೆಯಾಗಿ, ಗುರುತ್ವಕೇಂದ್ರದಿಂದ ಎಳೆದ ಲಂಬರೇಖೆ ಪಾದಗಳ ಹೊರಗೆ ಬಿದ್ದು, ಮರಿ ಪಕ್ಕಕ್ಕೆ ಉರುಳುತ್ತದೆ. ಬೇರೆ ಏನೂ ಸಿಗಲಿಲ್ಲವೆಂದು ನೂಲನ್ನೋ ರಬ್ಬರ್ ಬಳೆಯನ್ನೋ ಕಟ್ಟುವುದು ಅಪಾಯ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಐದು ಮಿಲಿಮೀಟರ್ ಅಗಲದ ಪಟ್ಟಿಯ ಬದಲು ಅರ್ಧ ಮಿಲಿಮೀಟರ್ ದಪ್ಪದ ನೂಲು ಕಟ್ಟಿದರೆ ಅದೇ ಎಳೆತಕ್ಕೆ ಚರ್ಮದ ಮೇಲಿನ ಒತ್ತಡ ಹತ್ತು ಪಟ್ಟಾಗುತ್ತದೆ. ರಬ್ಬರಾದರೋ ಎಡೆಬಿಡದೆ ಬಿಗಿಯುತ್ತಲೇ ಇರುತ್ತದೆ. ಪಾದಕ್ಕೆ ರಕ್ತ ನಿಂತು ಅದು ಊದಿಕೊಳ್ಳುತ್ತದೆ.

ಪಟ್ಟಿ ಕಟ್ಟಿದೊಡನೆ ಮರಿ ನಿಂತುಬಿಡುವುದಿಲ್ಲ. ಮೊದಲು ಮುಗ್ಗರಿಸುತ್ತದೆ, ಹಿಂದಕ್ಕೆ ಕೂರುತ್ತದೆ, ಗಟ್ಟಿಯಾಗಿ ಕೂಗುತ್ತದೆ. ಆ ಕೂಗಿಗೆ ಮನಸ್ಸು ಕರಗಿ ಪಟ್ಟಿಯನ್ನು ಬಿಚ್ಚುವವರೇ ಹೆಚ್ಚು. ಬಟ್ಟೆ ಹಾಸಿದ ಒಂದು ಸಣ್ಣ ಬಟ್ಟಲಿನಲ್ಲಿ, ಕಾಲುಗಳು ಮೈಯ ಕೆಳಗೇ ಇರುವಂತೆ, ಆಗಾಗ ಸ್ವಲ್ಪ ಹೊತ್ತು ಕೂರಿಸಿದರೆ ಅನುಕೂಲ. ದಿನಕ್ಕೆ ನಾಲ್ಕೈದು ಸಲ ಎರಡು ಬೆರಳುಗಳ ನಡುವೆ ನೇರವಾಗಿ ಹಿಡಿದು, ಭಾರ ಪಾದಗಳ ಮೇಲೆ ಬೀಳುವಂತೆ ಬಿಡಬೇಕು, ಎತ್ತಿ ಹಿಡಿಯಬಾರದು. ಭಾರ ಹೊತ್ತರೆ ಮಾತ್ರ ಸ್ನಾಯು ಬಲಿಯುವುದು. ಒಳಗಿನ ಹಳದಿ ಭಂಡಾರವು ಮರಿಯನ್ನು ಎರಡು ಮೂರು ದಿನ ಪೋಷಿಸುತ್ತದೆ. ದಿನದ ಮರಿಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ದೂರದ ಊರುಗಳಿಗೆ ಕಳುಹಿಸಲು ಸಾಧ್ಯವಾಗಿರುವುದೂ ಇದರಿಂದಲೇ. ಆದರೂ ಕಾಲಿಲ್ಲದ ಮರಿ ನೀರಿನ ಬಳಿಗೆ ಹೋಗಲಾರದು. ಕೆಲವು ಗಂಟೆಗಳಿಗೊಮ್ಮೆ ಅದರ ಕೊಕ್ಕಿನ ತುದಿಯನ್ನು ಉಗುರುಬೆಚ್ಚಗಿನ ನೀರಿಗೆ ತಾಗಿಸಬೇಕು. ನೀರಿನ ತಟ್ಟೆ ಆಳವಿಲ್ಲದ್ದಾಗಿರಲಿ, ಒಳಗೆ ಸಣ್ಣ ಕಲ್ಲುಗಳಿರಲಿ; ಇಂತಹ ಮರಿ ಒಂದು ಬೆರಳು ಆಳದ ನೀರಿನಲ್ಲೂ ಮುಳುಗಿ ಸಾಯಬಹುದು. ಇತರ ಮರಿಗಳು ತುಳಿಯದಂತೆ ಬೇರೆಯಿಡುವುದು ಸರಿ. ಆದರೆ ತೀರ ಒಂಟಿಯಾಗಿಟ್ಟರೆ ಅದು ಕೂಗಿಕೂಗಿಯೇ ಸೊರಗುತ್ತದೆ. ಸಾಧುವಾದ ಒಂದು ಮರಿಯನ್ನು ಜೊತೆಗೆ ಬಿಡಬಹುದು.

ಈ ಕೆಲಸಕ್ಕೆ ಕಾಲಾವಕಾಶ ಬಹಳವಿಲ್ಲ. ಹುಟ್ಟಿದಾಗ ಕಾಲಿನ ಮೂಳೆಗಳ ತುದಿಗಳು ಇನ್ನೂ ಮೆದ್ದೆಲುಬಾಗಿರುತ್ತವೆ. ಅವು ಯಾವ ಭಂಗಿಯಲ್ಲಿ ಭಾರ ಹೊರುತ್ತವೆಯೋ ಅದೇ ಭಂಗಿಗೆ ಒಗ್ಗಿ ಗಟ್ಟಿಯಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಪಟ್ಟಿ ಕಟ್ಟಿದರೆ ಎರಡರಿಂದ ನಾಲ್ಕು ದಿನಗಳಲ್ಲಿ ಮರಿ ಸರಿಯಾಗಿ ನಿಲ್ಲುವುದು ಸಾಮಾನ್ಯ. ವಾರ ಕಳೆದ ಮೇಲೆ ಪ್ರಯತ್ನಿಸಿದರೆ ಫಲ ಕಡಿಮೆ. ಪಟ್ಟಿಯನ್ನು ದಿನಕ್ಕೊಮ್ಮೆ ಬಿಚ್ಚಿ ಪಾದ ತಣ್ಣಗಾಗಿದೆಯೇ, ಊದಿದೆಯೇ ಎಂದು ನೋಡಬೇಕು. ಆ ವೇಳೆಗೆ ಮರಿ ಪಟ್ಟಿಯಿಲ್ಲದೆ ಎಷ್ಟು ಹೊತ್ತು ನಿಲ್ಲುತ್ತದೆಂದು ಪರೀಕ್ಷಿಸಬಹುದು. ಗುಣವಾದ ಮರಿಯನ್ನು ಹಗಲಿನಲ್ಲಿ ತಾಯಿಯ ಬಳಿ ಬಿಟ್ಟರೆ ಅದು ಕುಕ್ಕಿ ಓಡಿಸುವುದುಂಟು. ಕತ್ತಲಾದ ಮೇಲೆ ಮೆಲ್ಲನೆ ರೆಕ್ಕೆಯ ಅಡಿಗೆ ಸೇರಿಸುವುದು ಹಳ್ಳಿಯ ಹೆಂಗಸರೆಲ್ಲರಿಗೂ ಗೊತ್ತಿರುವ ಉಪಾಯ.

ನಿಲ್ಲಲಾರದ ಮರಿಗಳೆಲ್ಲಕ್ಕೂ ಈ ಮದ್ದಲ್ಲ ಎಂಬುದನ್ನೂ ಹೇಳಬೇಕು. ಬೆರಳುಗಳು ಮುಷ್ಟಿಯಂತೆ ಒಳಕ್ಕೆ ಮಡಿಸಿಕೊಂಡಿದ್ದರೆ ಅದು ರೈಬೋಫ್ಲೇವಿನ್ ಎಂಬ ಜೀವಸತ್ತ್ವದ ಕೊರತೆಯಿರಬಹುದು. ಹಿಮ್ಮಡಿಯ ಕೀಲು ಊದಿ, ಕಾಲು ಒಂದು ಪಕ್ಕಕ್ಕೆ ತಿರುಚಿಕೊಂಡಿದ್ದರೆ, ಅಲ್ಲಿನ ಸ್ನಾಯುರಜ್ಜು ತನ್ನ ತೋಡಿನಿಂದ ಜಾರಿದೆಯೆಂದು ಅರ್ಥ. ಮ್ಯಾಂಗನೀಸ್ ಮುಂತಾದವುಗಳ ಕೊರತೆ ಅದಕ್ಕೆ ಒಂದು ಕಾರಣ. ಹೊಕ್ಕುಳು ಮುಚ್ಚದೆ ಒದ್ದೆಯಾಗಿ ವಾಸನೆ ಬರುತ್ತಿದ್ದರೆ ಸೋಂಕು ತಗುಲಿದೆ. ತಲೆ ಹಿಂದಕ್ಕೆ ಸೆಟೆದಿದ್ದರೆ, ಮೈ ನಡುಗುತ್ತಿದ್ದರೆ ನರಗಳಿಗೆ ಸಂಬಂಧಿಸಿದ ತೊಂದರೆ. ಇಂತಹವುಗಳಲ್ಲಿ ನಮ್ಮ ಘರ್ಷಣಾಂಕ ಕೆಲಸಕ್ಕೆ ಬಾರದು; ತಾಲ್ಲೂಕಿನ ಪಶುಚಿಕಿತ್ಸಾಲಯಕ್ಕೆ ಹೋಗಬೇಕು. ಹೊಲದಲ್ಲಿ ಹುಳುಹುಪ್ಪಟೆ, ಹಸಿರೆಲೆಗಳನ್ನು ಹೆಕ್ಕಿ ತಿನ್ನುವ ಜವಾರಿ ಕೋಳಿಯ ಮರಿಗಳಲ್ಲಿ ಕೊರತೆಯ ರೋಗಗಳು ಅಪರೂಪ. ಕೂಡಿಹಾಕಿ ಬರಿಯ ಜೋಳವನ್ನೋ ನುಚ್ಚನ್ನೋ ಹಾಕಿ ಸಾಕಿದ ಕೋಳಿಯ ಮೊಟ್ಟೆಗಳಾದರೆ ಅನುಮಾನಿಸಬೇಕು. ತೂಕಕ್ಕಾಗಿ ಬೆಳೆಸುವ ಬ್ರಾಯ್ಲರ್ ಕೋಳಿಗಳ ಕಾಲುಬೇನೆಯೇ ಬೇರೆ. ಅಲ್ಲಿ ಮೈ ಬೆಳೆಯುವ ವೇಗವನ್ನು ಮೂಳೆ ಹಿಂಬಾಲಿಸಲಾರದು.

ಒಂದೇ ಸಲ ಹುಟ್ಟಿದ ಮರಿಗಳಲ್ಲಿ ನಾಲ್ಕೈದು ಹೀಗಿದ್ದರೆ, ನೆಲವೂ ಒರಟಾಗಿದ್ದರೆ, ಆಗ ತಪ್ಪು ಮರಿಮಾಡುವ ಪೆಟ್ಟಿಗೆಯಲ್ಲೇ ಇರಬಹುದು. ಇಪ್ಪತ್ತೊಂದು ದಿನಗಳಲ್ಲಿ ಓಡಿನ ಸುಮಾರು ಹತ್ತು ಸಾವಿರ ರಂಧ್ರಗಳ ಮೂಲಕ ನೀರು ಆವಿಯಾಗಿ ಮೊಟ್ಟೆಯ ತೂಕದಲ್ಲಿ ನೂರಕ್ಕೆ ಹನ್ನೆರಡರಿಂದ ಹದಿನಾಲ್ಕು ಪಾಲು ಕಳೆಯಬೇಕು. ನಮ್ಮ ಒಣಹವೆಯಲ್ಲಿ ಇದಕ್ಕಿಂತ ಹೆಚ್ಚು ಕಳೆದು ಮರಿ ಓಡಿನ ಪೊರೆಗೆ ಅಂಟಿಕೊಳ್ಳುವುದುಂಟು. ಒಳಗಿಟ್ಟ ನೀರಿನ ತಟ್ಟೆ ಎಂದೂ ಬತ್ತಬಾರದು. ಅದರ ಆಳಕ್ಕಿಂತ ಅಗಲ ಮುಖ್ಯ, ಏಕೆಂದರೆ ಆವಿ ಏಳುವುದು ಮೇಲ್ಮೈಯಿಂದ. ತದ್ವಿರುದ್ಧವಾಗಿ ತೇವ ಅತಿಯಾದರೆ ನೀರು ಸಾಕಷ್ಟು ಕಳೆಯದೆ, ಊದಿದ ಸೋಮಾರಿ ಮರಿಗಳು ಹುಟ್ಟುತ್ತವೆ. ವಾರಕ್ಕೊಮ್ಮೆ ಮೊಟ್ಟೆಗಳನ್ನು ತೂಗಿ ಬರೆದಿಟ್ಟರೆ ಎರಡೂ ತಿಳಿಯುತ್ತವೆ. ಉಷ್ಣತೆ ಗಾಳಿಯಾಡುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಇರಬೇಕು. ಕಡಿಮೆಯಾದರೆ ಮರಿ ತಡವಾಗಿ, ಹೆಚ್ಚಾದರೆ ಅವಧಿಗೆ ಮುಂಚೆ, ಎರಡು ಬಗೆಯಲ್ಲೂ ಬಲಹೀನವಾಗಿ ಹುಟ್ಟುತ್ತದೆ. ಅಗ್ಗದ ಉಷ್ಣತಾಮಾಪಕಗಳು ಒಂದು ಡಿಗ್ರಿ ಆಚೀಚೆ ತೋರಿಸುವುದು ಅಪರೂಪವೇನಲ್ಲ, ಮತ್ತು ಇಲ್ಲಿ ಒಂದು ಡಿಗ್ರಿ ಬಹಳ ದೊಡ್ಡದು. ಜ್ವರ ನೋಡುವ ಮಾಪಕ ಸುಮಾರು 35ರಿಂದ 42 ಡಿಗ್ರಿಯ ನಡುವೆ ನಿಖರವಾಗಿರುವಂತೆಯೇ ತಯಾರಾದದ್ದು. ಒಂದು ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರನ್ನು ತೆಗೆದುಕೊಂಡು, ಅದರ ಉಷ್ಣತೆ 37, 38 ಡಿಗ್ರಿಯ ಬಳಿ ಇರುವಾಗ ಎರಡು ಮಾಪಕಗಳ ತುದಿಗಳನ್ನೂ ಒಟ್ಟಿಗೆ ಅದ್ದಿ, ಕಲಕುತ್ತ ಎರಡು ನಿಮಿಷ ಬಿಟ್ಟು ಓದಿಕೊಳ್ಳಿ. ಎರಡಕ್ಕೂ ಇರುವ ವ್ಯತ್ಯಾಸವನ್ನು ಒಂದು ಚೀಟಿಯಲ್ಲಿ ಬರೆದು, ಮೊಟ್ಟೆಗಳನ್ನಿಡುವ ಮುಂಚೆಯೇ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಬಿಡಿ.